ಟೆಸ್ಟೋಸ್ಟೆರೋನ್ ಬಳಕೆಯಲ್ಲಿ ಜಲಸಂಚಯ ಮತ್ತು ಅದರ ನಿಯಂತ್ರಣ

ಪುರುಷ ಹಾರ್ಮೋನಾದ ಟೆಸ್ಟೋಸ್ಟೆರೋನನ್ನು ಔಷಧರೂಪದಲ್ಲಿ ಸ್ವೀಕರಿಸುವವರಲ್ಲಿ, ಮೂತ್ರಪಿಂಡಗಳು ಸೋಡಿಯಂ ಲವಣವನ್ನೂ ಅದನ್ನನುಸರಿಸಿ ನೀರನ್ನೂ ವಾಡಿಕೆಗಿಂತ ಅಧಿಕವಾಗಿ ಹಿಡಿದಿಡುವುದರಿಂದ ಶರೀರದ ಕೋಶಬಾಹ್ಯ ದ್ರವವು ವೃದ್ಧಿಗೊಳ್ಳುವ ಸ್ಥಿತಿಗೆ ಜಲಸಂಚಯವೆಂದು ಹೆಸರು. ಬಹುಮಂದಿಯಲ್ಲಿ ಇದು ಅಲ್ಪಪ್ರಮಾಣದ್ದಾಗಿ, ಚಿಕಿತ್ಸೆಯ ಮೊದಲ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಶರೀರವು ಹೊಸ ಸಮತೋಲಕ್ಕೆ ಬಂದಂತೆ ತಾನಾಗಿಯೇ ನಿಲ್ಲುತ್ತದೆ. ಆದರೆ ಹೃದಯ, ಮೂತ್ರಪಿಂಡ, ಯಕೃತ್ತುಗಳ ವ್ಯಾಧಿಯುಳ್ಳವರಲ್ಲಿಯೂ, ವೈದ್ಯರ ಸಲಹೆಯಿಲ್ಲದೆ ಅತಿಪ್ರಮಾಣದಲ್ಲಿ ಔಷಧವನ್ನು ಚುಚ್ಚಿಸಿಕೊಳ್ಳುವವರಲ್ಲಿಯೂ ಇದು ರಕ್ತದೊತ್ತಡವನ್ನೇರಿಸಿ, ಕಾಲುಬಾವನ್ನು ತಂದು, ಕೆಲವೊಮ್ಮೆ ಪ್ರಾಣಾಪಾಯಕ್ಕೂ ದಾರಿಮಾಡಿಕೊಡುತ್ತದೆ. ಔಷಧದ ಪ್ರಮಾಣವನ್ನು ಸರಿಪಡಿಸುವುದು ಮೊದಲು, ಆಹಾರದ ಉಪ್ಪನ್ನು ತಗ್ಗಿಸುವುದು ಎರಡನೆಯದು, ನೀರಿಳಿಸುವ ಮಾತ್ರೆ ಕಟ್ಟಕಡೆಯದು ಎಂಬ ಕ್ರಮವು ಈ ವಿಷಯದಲ್ಲಿ ವೈದ್ಯಶಾಸ್ತ್ರ ಹಾಗೂ ಅನುಭವಗಳೆರಡೂ ಒಪ್ಪಿದ ಕ್ರಮವಾಗಿದೆ. ಪ್ರಸ್ತುತ ಲೇಖನದಲ್ಲಿ ಈ ಸ್ಥಿತಿಯ ಇತಿಹಾಸ, ಕಾರಣ, ಲಕ್ಷಣ, ನಿಯಂತ್ರಣಗಳನ್ನು ವಿವರಿಸಿ, ಕೊಡಗಿನ ಸುಂಟಿಕೊಪ್ಪದಂಥ ಊರೊಂದರ ಹವೆ, ಆಹಾರ, ವೈದ್ಯಸೌಕರ್ಯಗಳ ಹಿನ್ನೆಲೆಯಲ್ಲಿ ಆ ನಿಯಮಗಳು ಹೇಗೆ ಅನ್ವಯಿಸುತ್ತವೆಂಬುದನ್ನು ನಿರೂಪಿಸಿದೆ.

ಇತಿಹಾಸ

ವೃಷಣಗಳಲ್ಲಿ ಶರೀರವನ್ನು ಪುಷ್ಟಿಗೊಳಿಸುವ ಸತ್ತ್ವವೊಂದು ಇದೆಯೆಂಬ ನಂಬುಗೆ ಪ್ರಾಚೀನವಾದುದಾದರೂ, ಅದಕ್ಕೆ ಪ್ರಾಯೋಗಿಕ ಆಧಾರವನ್ನು ಮೊದಲು ಒದಗಿಸಿದವನು ಜರ್ಮನಿಯ ಗಟ್ಟಿಂಗೆನ್ ನಗರದ ಆರ್ನಾಲ್ಡ್ ಬೆರ್ಟೋಲ್ಡ್. ಆತನು 1849ರಲ್ಲಿ ಬೀಜ ಒಡೆದ ಹುಂಜಗಳ ಉದರದೊಳಗೆ ವೃಷಣವನ್ನು ಮರಳಿ ನೆಟ್ಟು, ಅವುಗಳ ಜುಟ್ಟು, ಕೂಗು, ಕಾದಾಟದ ಸ್ವಭಾವಗಳು ಹಿಂದಿರುಗಿದುದನ್ನು ತೋರಿಸಿದನು. 1935ರಲ್ಲಿ ಆಮ್‌ಸ್ಟರ್‌ಡಾಮಿನ ಅರ್ನ್ಸ್ಟ್ ಲಕ್ವೇರನ ತಂಡವು ಈ ಸತ್ತ್ವವನ್ನು ಶುದ್ಧ ಸ್ಫಟಿಕರೂಪದಲ್ಲಿ ಬೇರ್ಪಡಿಸಿ ಟೆಸ್ಟೋಸ್ಟೆರೋನ್ ಎಂಬ ಹೆಸರನ್ನಿಟ್ಟಿತು. ಅದೇ ವರ್ಷ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಲಿಯೊಪೋಲ್ಡ್ ರುಝಿಚ್ಕ ಇವರು ಪ್ರತ್ಯೇಕವಾಗಿ ಅದನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದರು. ಲೈಂಗಿಕ ಹಾರ್ಮೋನುಗಳ ಮೇಲಣ ಸಂಶೋಧನೆಗಾಗಿ ಬ್ಯೂಟೆನಾಂಟನಿಗೂ, ಟರ್ಪೀನುಗಳೇ ಮೊದಲಾದವುಗಳ ರಸಾಯನಶಾಸ್ತ್ರಕ್ಕಾಗಿ ರುಝಿಚ್ಕನಿಗೂ 1939ರ ನೊಬೆಲ್ ಪ್ರಶಸ್ತಿಯು ಹಂಚಿಕೆಯಾಯಿತು.

ಔಷಧವು ಕೈಗೆ ಬಂದ ಮೂರೇ ವರ್ಷಗಳಲ್ಲಿ ಅದರ ಜಲಸಂಚಯ ಗುಣವೂ ಬೆಳಕಿಗೆ ಬಂದುದು ಗಮನಾರ್ಹವಾಗಿದೆ. ಅಮೆರಿಕದ ಅಲನ್ ಕೆನ್ಯನ್ ಮತ್ತು ಆತನ ಸಹೋದ್ಯೋಗಿಗಳು 1938ರಲ್ಲಿ, ವೃಷಣಗಳ ಕಾರ್ಯ ಕುಂಠಿತವಾಗಿದ್ದ ಪುರುಷರಿಗೆ ಟೆಸ್ಟೋಸ್ಟೆರೋನ್ ಪ್ರೊಪಿಯೊನೇಟನ್ನು ಕೊಟ್ಟು, ಅವರ ಆಹಾರವನ್ನೂ ಮೂತ್ರವನ್ನೂ ಅಳೆದು ತೂಗಿ ಪರೀಕ್ಷಿಸಿದಾಗ, ಶರೀರದಲ್ಲಿ ಸಾರಜನಕವು ಉಳಿದುಕೊಳ್ಳುವಂತೆಯೇ ಸೋಡಿಯಂ, ಕ್ಲೋರೈಡ್, ನೀರುಗಳೂ ಉಳಿದುಕೊಳ್ಳುವುದು ಸಿದ್ಧವಾಯಿತು. ಸಾರಜನಕದ ಉಳಿಕೆಯು ಮಾಂಸಖಂಡದ ವೃದ್ಧಿಯನ್ನು ಸೂಚಿಸಿದರೆ, ಸೋಡಿಯಮ್ಮಿನ ಉಳಿಕೆಯು ನೀರಿನ ವೃದ್ಧಿಯನ್ನು ಸೂಚಿಸುತ್ತದೆ; ಆದಕಾರಣ ಈ ಔಷಧವನ್ನು ಪಡೆಯುವವನ ತೂಕ ಏರಿದಾಗ, ಏರಿದುದರಲ್ಲಿ ಮಾಂಸವೆಷ್ಟು ನೀರೆಷ್ಟು ಎಂಬ ಪ್ರಶ್ನೆಯು ಅಂದಿನಿಂದಲೂ ವೈದ್ಯರ ಮುಂದಿದೆ. ಉಪ್ಪನ್ನು ಹಿಡಿದಿಡುವ ಮುಖ್ಯ ಹಾರ್ಮೋನಾದ ಆಲ್ಡೊಸ್ಟೆರೋನನ್ನು 1953ರಲ್ಲಿ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಇವರು ರಸಾಯನಶಾಸ್ತ್ರಜ್ಞ ರೈಖ್‌ಸ್ಟೈನನ ಸಹಕಾರದಿಂದ ಬೇರ್ಪಡಿಸಿದ ತರುವಾಯ ಈ ಪ್ರಶ್ನೆಯ ಶಾಸ್ತ್ರೀಯ ವಿವೇಚನೆಗೆ ಮಾರ್ಗವು ಸುಗಮವಾಯಿತು.

ಶರೀರದಲ್ಲಿ ನೀರು ಮತ್ತು ಉಪ್ಪು

ಎಪ್ಪತ್ತು ಕಿಲೊ ತೂಕದ ವಯಸ್ಕ ಪುರುಷನ ಶರೀರದಲ್ಲಿ ಸುಮಾರು 42 ಲೀಟರು ನೀರಿರುತ್ತದೆ. ಇದರಲ್ಲಿ 28 ಲೀಟರು ಜೀವಕೋಶಗಳ ಒಳಗೂ, 14 ಲೀಟರು ಅವುಗಳ ಹೊರಗೂ ಇದ್ದು, ಹೊರಗಿನ ಈ ಭಾಗದಲ್ಲಿ ಮೂರೂವರೆ ಲೀಟರಿನಷ್ಟು ರಕ್ತದ ದ್ರವಾಂಶವಾಗಿ ಹರಿದಾಡುತ್ತಿರುತ್ತದೆ. ಜೀವಕೋಶಗಳ ಹೊರಗಣ ನೀರಿನ ಮೊತ್ತವನ್ನು ನಿರ್ಧರಿಸುವುದು ಸೋಡಿಯಮ್ಮೇ ಹೊರತು ಮನುಷ್ಯನು ಕುಡಿಯುವ ನೀರಲ್ಲ. ಒಂದು ಲೀಟರು ಕೋಶಬಾಹ್ಯ ದ್ರವವು ಶರೀರದಲ್ಲಿ ನಿಲ್ಲಬೇಕಾದರೆ ಅದರೊಡನೆ ಸುಮಾರು 8ರಿಂದ 9 ಗ್ರಾಂ ಉಪ್ಪು ನಿಲ್ಲಬೇಕು. ಉಪ್ಪು ನಿಲ್ಲದೆ ಬರಿಯ ನೀರನ್ನು ಕುಡಿದರೆ, ಆರೋಗ್ಯವಂತನಾದವನ ಮೂತ್ರಪಿಂಡಗಳು ಅದನ್ನು ಕೆಲವೇ ಗಂಟೆಗಳಲ್ಲಿ ಹೊರಹಾಕುತ್ತವೆ. ಬಾವು ಬಂದವನು ಬಾಯಾರಿಕೆಯನ್ನು ತಡೆದುಕೊಂಡು ನೀರನ್ನು ಬಿಡುವುದರಿಂದ ಪ್ರಯೋಜನವಿಲ್ಲವೆಂಬುದಕ್ಕೂ, ಉಪ್ಪನ್ನು ಬಿಡುವುದರಿಂದ ಪ್ರಯೋಜನವುಂಟೆಂಬುದಕ್ಕೂ ಈ ಒಂದು ಲೆಕ್ಕವೇ ಸಾಕಾದ ಸಮರ್ಥನೆ. ತೀವ್ರವಾದ ಹೃದ್ರೋಗ, ಮೂತ್ರಪಿಂಡರೋಗಗಳಿದ್ದು ವೈದ್ಯರೇ ನೀರಿಗೆ ಮಿತಿಯನ್ನು ವಿಧಿಸಿದವರ ಸಂಗತಿ ಮಾತ್ರ ಬೇರೆ.

ಹಾರ್ಮೋನಿನ ಕಾರ್ಯವಿಧಾನ

ಟೆಸ್ಟೋಸ್ಟೆರೋನು ಉಪ್ಪನ್ನು ಹಿಡಿದಿಡುವ ಮಾರ್ಗಗಳು ಒಂದಕ್ಕಿಂತ ಹೆಚ್ಚಾಗಿವೆ. ಮೊದಲನೆಯದು ನೇರವಾದುದು: ಈ ಹಾರ್ಮೋನಿನ ಗ್ರಾಹಕಗಳು ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿಯೇ ಇರುವುದರಿಂದ, ಅದು ಅಲ್ಲಿ ಸೋಡಿಯಮ್ಮಿನ ಮರುಹೀರಿಕೆಯನ್ನು ಪ್ರಚೋದಿಸುತ್ತದೆ. 2004ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಟೆಸ್ಟೋಸ್ಟೆರೋನಿನಿಂದಲೇ ಉತ್ಪನ್ನವಾಗುವ ಡೈಹೈಡ್ರೊಟೆಸ್ಟೋಸ್ಟೆರೋನು ಸೂಕ್ಷ್ಮನಾಳದ ಆದಿಭಾಗದಲ್ಲಿ ಉಪ್ಪುನೀರುಗಳ ಹೀರಿಕೆಯನ್ನು ಹೆಚ್ಚಿಸಿದುದು ಕಂಡುಬಂದಿತು. ಮಾನವ ಮೂತ್ರಪಿಂಡದ ಜೀವಕೋಶಗಳಲ್ಲಿ ಸೋಡಿಯಂ ನಾಳಗಳ ಘಟಕವೊಂದನ್ನು ಪುರುಷ ಹಾರ್ಮೋನುಗಳು ಅಧಿಕಗೊಳಿಸುವುದೂ ಅನಂತರ ವಿದಿತವಾಯಿತು. ಎರಡನೆಯದು ರೆನಿನ್–ಆಂಜಿಯೊಟೆನ್ಸಿನ್–ಆಲ್ಡೊಸ್ಟೆರೋನ್ ಎಂಬ, ರಕ್ತದೊತ್ತಡವನ್ನೂ ಉಪ್ಪಿನ ಉಳಿಕೆಯನ್ನೂ ಕಾಯುವ ಹಾರ್ಮೋನು ವ್ಯವಸ್ಥೆಯ ಮೂಲಕ ನಡೆಯತಕ್ಕದ್ದು.

ಮೂರನೆಯ ಮಾರ್ಗವು ಸ್ತ್ರೀ ಹಾರ್ಮೋನೆಂದು ಹೆಸರಾದ ಎಸ್ಟ್ರಡೈಯೋಲಿನದು. ಪುರುಷನ ಶರೀರದಲ್ಲಿಯೂ, ವಿಶೇಷವಾಗಿ ಕೊಬ್ಬಿನ ಅಂಗಾಂಶದಲ್ಲಿ, ಅರೋಮಟೇಸ್ ಎಂಬ ಕಿಣ್ವವಿದ್ದು, ಅದು ಟೆಸ್ಟೋಸ್ಟೆರೋನಿನ ಅಲ್ಪಾಂಶವನ್ನು ಎಸ್ಟ್ರಡೈಯೋಲಾಗಿ ಮಾರ್ಪಡಿಸುತ್ತದೆ. ಪುರುಷನಲ್ಲಿರುವ ಎಸ್ಟ್ರಡೈಯೋಲಿನ ಬಹುಭಾಗವು ಈ ರೀತಿಯಲ್ಲಿಯೇ ಹುಟ್ಟುತ್ತದೆ. ಎಸ್ಟ್ರಡೈಯೋಲು ಯಕೃತ್ತಿನಲ್ಲಿ ಆಂಜಿಯೊಟೆನ್ಸಿನ್‌ಜನಕದ ಉತ್ಪತ್ತಿಯನ್ನು ಹೆಚ್ಚಿಸಬಲ್ಲುದಲ್ಲದೆ, ನೀರನ್ನು ಉಳಿಸುವ ವ್ಯಾಸೊಪ್ರೆಸ್ಸಿನ್ ಹಾರ್ಮೋನು ಸ್ರವಿಸತೊಡಗುವ ಮಟ್ಟವನ್ನೂ ತಗ್ಗಿಸುತ್ತದೆ. ಇಂತಿರಲಾಗಿ, ಚುಚ್ಚುಮದ್ದಿನ ಪ್ರಮಾಣ ಏರಿದಷ್ಟೂ, ಮೈಯಲ್ಲಿ ಕೊಬ್ಬು ಅಧಿಕವಾದಷ್ಟೂ, ಈ ಪರಿವರ್ತನೆಯೂ ಅದರಿಂದಾಗುವ ಬಾವೂ ಅಧಿಕವಾಗುವುದು ಸಹಜವೇ ಸರಿ. ಆದರೆ ವ್ಯಾಯಾಮಶಾಲೆಗಳಲ್ಲಿ ರೂಢವಾಗಿರುವಂತೆ, ನೀರು ತುಂಬುವುದಕ್ಕೆ ಎಸ್ಟ್ರೊಜನ್ನೊಂದೇ ಕಾರಣವೆಂಬ ಅಭಿಪ್ರಾಯವು ಅಪೂರ್ಣವಾದುದು. ಡೈಹೈಡ್ರೊಟೆಸ್ಟೋಸ್ಟೆರೋನು ಎಸ್ಟ್ರಡೈಯೋಲಾಗಿ ಮಾರ್ಪಡಲಾರದ ವಸ್ತುವಾಗಿದ್ದೂ ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿಸಿತೆಂಬುದೇ ಇದಕ್ಕೆ ಸಾಕ್ಷಿ.

ಯಾರಲ್ಲಿ ಕಾಣಿಸಿಕೊಳ್ಳುತ್ತದೆ

ಟೆಸ್ಟೋಸ್ಟೆರೋನಿನ ವಿಹಿತವಾದ ಉಪಯೋಗವು ವೃಷಣಗಳ ಅಥವಾ ಪಿಟ್ಯುಟರಿ ಗ್ರಂಥಿಯ ದೋಷದಿಂದ ಆ ಹಾರ್ಮೋನಿನ ಕೊರತೆಯುಂಟಾದವರಲ್ಲಿದೆ: ಕ್ಲೈನ್‌ಫೆಲ್ಟರ್ ಸಹಲಕ್ಷಣದೊಡನೆ ಹುಟ್ಟಿದವರು, ಪಿಟ್ಯುಟರಿಯಲ್ಲಿ ಗಂತಿ ಬೆಳೆದವರು, ಕೆಪ್ಪಟರಾಯ ರೋಗದಲ್ಲಿ ವೃಷಣಗಳು ಬಾಧೆಗೊಂಡವರು, ಅಪಘಾತದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಅವುಗಳನ್ನು ಕಳೆದುಕೊಂಡವರು ಇವರಲ್ಲಿ ಸೇರುತ್ತಾರೆ. ಹುಟ್ಟಿನಲ್ಲಿ ಸ್ತ್ರೀಯೆಂದು ದಾಖಲಾಗಿ ಪುರುಷರಾಗಿ ಬಾಳುವ ಟ್ರಾನ್ಸ್ ಪುರುಷರಿಗೂ ತಜ್ಞವೈದ್ಯರು ಇದೇ ಔಷಧವನ್ನು ಕೊಡುತ್ತಾರೆ. ಅವರಲ್ಲಿಯೂ ಉಪ್ಪು ನೀರುಗಳ ಉಳಿಕೆಯ ನಿಯಮಗಳು ಬೇರೆಯಲ್ಲ. ಇವರೆಲ್ಲರಿಂದ ಭಿನ್ನವಾದ ಇನ್ನೊಂದು ವರ್ಗವು, ಯಾವ ಕೊರತೆಯೂ ಇಲ್ಲದೆ, ದೇಹದಾರ್ಢ್ಯದ ಆಸೆಯಿಂದ ಔಷಧವನ್ನು ಗುಟ್ಟಾಗಿ ಚುಚ್ಚಿಸಿಕೊಳ್ಳುವ ತರುಣರದು.

ಆರೋಗ್ಯವಂತ ಪುರುಷನ ವೃಷಣಗಳು ದಿನವೊಂದಕ್ಕೆ ಸುಮಾರು 5ರಿಂದ 7 ಮಿಲಿಗ್ರಾಂ ಟೆಸ್ಟೋಸ್ಟೆರೋನನ್ನು ಸ್ರವಿಸುತ್ತವೆ. ಎಂದರೆ ವಾರಕ್ಕೆ ಐವತ್ತು ಮಿಲಿಗ್ರಾಮನ್ನು ಮೀರದು. ಕೊರತೆಯುಳ್ಳವರಿಗೆ ವೈದ್ಯರು ವಿಧಿಸುವ ಎನಾಂಥೇಟ್ ಅಥವಾ ಸಿಪಿಯೊನೇಟ್ ಚುಚ್ಚುಮದ್ದಿನ ಪ್ರಮಾಣವು ವಾರಕ್ಕೆ 75ರಿಂದ 100 ಮಿಲಿಗ್ರಾಂ. ದೇಹದಾರ್ಢ್ಯಕ್ಕಾಗಿ ವಾರಕ್ಕೆ ಐನೂರು ಮಿಲಿಗ್ರಾಮನ್ನೂ ಮೀರಿ, ಅದರ ಮೇಲೆ ಬೇರೆ ಅನಬಾಲಿಕ್ ಸ್ಟೀರಾಯ್ಡುಗಳನ್ನೂ ಸೇರಿಸಿಕೊಳ್ಳುವವನ ಶರೀರದಲ್ಲಿ ಮುಖವು ದುಂಡಗಾಗುವುದೂ, ಉಂಗುರ ಬಿಗಿಯುವುದೂ, ರಕ್ತದೊತ್ತಡ ಏರುವುದೂ ಆ ಅತಿಯ ನೇರವಾದ ಫಲಗಳು.

ವಯಸ್ಸಾದವರಲ್ಲಿ ವಿಹಿತ ಪ್ರಮಾಣವೂ ಜಾಗರೂಕತೆಯನ್ನು ಬೇಡುತ್ತದೆ. ನಡೆದಾಡಲು ಕಷ್ಟಪಡುತ್ತಿದ್ದ, 65 ವರ್ಷ ದಾಟಿದ 209 ಪುರುಷರನ್ನೊಳಗೊಂಡು 2010ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು, ಔಷಧ ಪಡೆದವರಲ್ಲಿ ಹೃದಯಸಂಬಂಧಿಯಾದ ತೊಂದರೆಗಳು ಹೆಚ್ಚಾಗಿ ಕಂಡುಬಂದುದರಿಂದ ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು. ತದನಂತರ, ಹೃದ್ರೋಗದ ಅಪಾಯವುಳ್ಳ ಸುಮಾರು 5,200 ಪುರುಷರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನವು, ವೈದ್ಯರ ಮೇಲ್ವಿಚಾರಣೆಯಲ್ಲಿ ಲೇಪನವಾಗಿ ಕೊಟ್ಟ ಟೆಸ್ಟೋಸ್ಟೆರೋನಿನಿಂದ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚಲಿಲ್ಲವೆಂದು ತೋರಿಸಿ ಭಯವನ್ನು ಬಹುಮಟ್ಟಿಗೆ ತಗ್ಗಿಸಿತಾದರೂ, ಹೃದಯದ ಅನಿಯತ ಮಿಡಿತ, ಮೂತ್ರಪಿಂಡಗಳ ತೀವ್ರ ಬಾಧೆ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಇವು ಔಷಧ ಪಡೆದವರಲ್ಲಿ ಅಧಿಕವೆಂಬುದನ್ನೂ ದಾಖಲಿಸಿತು. ಇದಕ್ಕೂ ಮುನ್ನವೇ, ಹತೋಟಿಗೆ ಬಾರದ ಹೃದಯ ವೈಫಲ್ಯವುಳ್ಳವರಿಗೂ, ಕಳೆದ ಆರು ತಿಂಗಳೊಳಗೆ ಹೃದಯಾಘಾತ ಅಥವಾ ಪಾರ್ಶ್ವವಾಯುವಾದವರಿಗೂ ಈ ಚಿಕಿತ್ಸೆಯನ್ನು ಆರಂಭಿಸಬಾರದೆಂದು 2018ರ ಎಂಡೊಕ್ರೈನ್ ಸೊಸೈಟಿಯ ಮಾರ್ಗಸೂಚಿಯು ವಿಧಿಸಿದೆ.

ಲಕ್ಷಣಗಳು ಮತ್ತು ನಿದಾನ

ಚಿಕಿತ್ಸೆಯ ಮೊದಲ ವಾರಗಳಲ್ಲಿ ಒಂದೆರಡು ಕಿಲೊ ತೂಕ ಹಠಾತ್ತನೆ ಏರುವುದು, ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡಿರುವುದು, ಸಂಜೆಯ ಹೊತ್ತಿಗೆ ಕಾಲ್ಚೀಲದ ಅಂಚು ಕಣಕಾಲಿನ ಮೇಲೆ ಗುರುತು ಬಿಡುವುದು, ಪಾದರಕ್ಷೆ ಬಿಗಿಯಾಗುವುದು, ರಕ್ತದೊತ್ತಡವು ಮೊದಲಿಗಿಂತ ಏರಿರುವುದು, ಇವು ಜಲಸಂಚಯದ ಸಾಮಾನ್ಯ ಲಕ್ಷಣಗಳು. ಮಾಂಸಖಂಡವು ವಾರಗಳು ತಿಂಗಳುಗಳಲ್ಲಿ ನಿಧಾನವಾಗಿ ಬೆಳೆಯುವುದೇ ಹೊರತು ಮೂರು ದಿನಗಳಲ್ಲಿ ಎರಡು ಕಿಲೊ ಬೆಳೆಯಲಾರದು. ಹಾಗೆ ಏರಿದುದು ನೀರೆಂದೇ ತಿಳಿಯಬೇಕು. ಕೋಶಗಳ ನಡುವೆ ಎರಡು ಮೂರು ಲೀಟರಿನಷ್ಟು ದ್ರವ ಹೆಚ್ಚುವರಿಯಾಗಿ ಸಂಗ್ರಹವಾದ ಮೇಲೆಯೇ, ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಒತ್ತಿ ತೆಗೆದರೆ, ಆಷಾಢದ ಮಳೆಯಲ್ಲಿ ನೆನೆದ ತೋಟದ ಮಣ್ಣಿನಲ್ಲಿ ಹೆಜ್ಜೆ ಉಳಿಯುವಂತೆ, ಅಲ್ಲಿ ಕುಳಿಯು ಉಳಿಯುತ್ತದೆ. ಆದಕಾರಣ ಕುಳಿ ಬೀಳುವ ಬಾವನ್ನು ಅಲ್ಪವೆಂದು ಎಣಿಸಲಾಗದು.

ಟೆಸ್ಟೋಸ್ಟೆರೋನನ್ನು ಸ್ವೀಕರಿಸುತ್ತಿರುವವನಿಗೆ ಬಂದ ಬಾವೆಲ್ಲವೂ ಟೆಸ್ಟೋಸ್ಟೆರೋನಿನಿಂದಲೇ ಬಂದುದೆಂದು ನಿರ್ಣಯಿಸುವುದು ಅವಸರದ ಮಾತಾಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಮಾತ್ರೆಯು ಕಣಕಾಲನ್ನು ಊದಿಸುತ್ತದೆ. ಮಧುಮೇಹಕ್ಕೆ ಕೊಡುವ ಪಿಯೊಗ್ಲಿಟಜೋನ್, ಕೀಲುನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವುನಿವಾರಕಗಳು, ಪ್ರೆಡ್ನಿಸೊಲೋನ್ ಮೊದಲಾದ ಸ್ಟೀರಾಯ್ಡುಗಳು ಉಪ್ಪುನೀರನ್ನು ಉಳಿಸುತ್ತವೆ. ಥೈರಾಯ್ಡಿನ ಕೊರತೆ, ಮೂತ್ರದಲ್ಲಿ ಪ್ರೋಟೀನಿನ ಸೋರಿಕೆ, ಯಕೃತ್ತಿನ ರೋಗ, ಕಾಲಿನ ಸಿರೆಗಳ ದೌರ್ಬಲ್ಯ ಇವೂ ಬಾವಿಗೆ ಕಾರಣಗಳಾಗಿವೆ. ಆದ್ದರಿಂದ ಚಿಕಿತ್ಸೆಯ ಆರಂಭಕ್ಕೆ ಮುನ್ನ ತೂಕ, ರಕ್ತದೊತ್ತಡ, ರಕ್ತದ ಕೆಂಪುಕಣಗಳ ಪಾಲನ್ನು ಸೂಚಿಸುವ ಹಿಮಟೊಕ್ರಿಟ್, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಮೂತ್ರದ ಪ್ರೋಟೀನ್ ಇವುಗಳನ್ನು ಅಳೆದಿಟ್ಟುಕೊಂಡಿದ್ದರೆ, ಬಾವು ಬಂದಾಗ ಅದರ ಮೂಲವನ್ನು ಕಂಡುಹಿಡಿಯುವುದು ಸುಲಭಸಾಧ್ಯವಾಗುತ್ತದೆ. ಹಿಮಟೊಕ್ರಿಟ್ ನೂರಕ್ಕೆ 54ನ್ನು ಮೀರಿದರೆ ಔಷಧವನ್ನು ನಿಲ್ಲಿಸಿ, ಅದು ಇಳಿದ ತರುವಾಯ ಕಡಿಮೆ ಪ್ರಮಾಣದಲ್ಲಿ ಪುನಃ ಆರಂಭಿಸುವುದು ವಾಡಿಕೆ.

ಒಂದೇ ಕಾಲು ಊದಿ ಮೀನಖಂಡದಲ್ಲಿ ನೋವಿದ್ದರೆ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರಬೇಕಾದರೆ ಹೃದಯವು ಸೋಲುತ್ತಿರಬಹುದು. ಎದೆನೋವು, ಏಕಾಏಕಿ ಏದುಸಿರು, ಮೂತ್ರವು ತೀರ ಕಡಿಮೆಯಾಗುವುದು, ಎರಡು ಮೂರು ದಿನಗಳಲ್ಲಿ ಎರಡು ಕಿಲೊಗಿಂತ ಅಧಿಕವಾಗಿ ತೂಕ ಏರುವುದು, ಇವುಗಳಲ್ಲಿ ಯಾವುದೊಂದು ಕಾಣಿಸಿದರೂ ಮನೆಯ ಉಪಚಾರದಲ್ಲಿ ಕಾಲಹರಣ ಮಾಡದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ನಿಯಂತ್ರಣ

ನಿಯಂತ್ರಣದ ಮೊದಲ ಹೆಜ್ಜೆ ಔಷಧದ ಪ್ರಮಾಣವನ್ನೂ ಅವಧಿಯನ್ನೂ ಪುನರ್ವಿಮರ್ಶಿಸುವುದು. ಎರಡು ವಾರಕ್ಕೊಮ್ಮೆ 200 ಮಿಲಿಗ್ರಾಂ ಎನಾಂಥೇಟನ್ನು ಒಟ್ಟಿಗೆ ಚುಚ್ಚಿದಾಗ ಮೊದಲ ಕೆಲವು ದಿನ ರಕ್ತದಲ್ಲಿ ಹಾರ್ಮೋನು ಸಹಜಮಟ್ಟವನ್ನು ಮೀರಿ ಏರಿ, ಅವಧಿಯ ಕೊನೆಗೆ ತೀರ ತಗ್ಗುತ್ತದೆ. ಅದೇ ಔಷಧವನ್ನು ವಾರಕ್ಕೊಮ್ಮೆ ಅರ್ಧವಾಗಿ ಕೊಟ್ಟರೆ ಈ ಏರಿಳಿತವು ಶಮನಗೊಂಡು, ಏರುಮಟ್ಟದಲ್ಲಿ ಹುಟ್ಟುವ ಎಸ್ಟ್ರಡೈಯೋಲೂ ತಗ್ಗುತ್ತದೆ. ದಿನನಿತ್ಯ ಚರ್ಮಕ್ಕೆ ಹಚ್ಚುವ ಲೇಪನವು ಇನ್ನೂ ಸಮನಾದ ಮಟ್ಟವನ್ನು ಕೊಡುತ್ತದೆ. ಆದರೆ ಹಚ್ಚಿದ ಜಾಗವು ಹೆಂಗಸರಿಗೂ ಮಕ್ಕಳಿಗೂ ತಾಗದಂತೆ ಮುಚ್ಚಿಡಬೇಕು. ಹರಳೆಣ್ಣೆಯಲ್ಲಿ ಕರಗಿಸಿದ ಅಂಡೆಕನೊಯೇಟ್ ಚುಚ್ಚುಮದ್ದನ್ನು ಮೊದಲೆರಡು ಸಲ ಆರು ವಾರಗಳ ಅಂತರದಲ್ಲಿಯೂ, ಅನಂತರ 10ರಿಂದ 14 ವಾರಗಳಿಗೊಮ್ಮೆಯೂ ಕೊಡುವುದರಿಂದ, ಅದು ದೂರದೂರುಗಳಿಂದ ಬರುವವರಿಗೆ ಅನುಕೂಲವೇ ಆದರೂ, ಬಾವು ಬಂದಾಗ ಮೈಯೊಳಗೆ ಸೇರಿದ ಔಷಧವನ್ನು ಹಿಂದಕ್ಕೆ ಪಡೆಯುವಂತಿಲ್ಲವಾದುದರಿಂದ, ಹೃದಯ ದುರ್ಬಲವಾದವರಲ್ಲಿ ಅಲ್ಪಾವಧಿಯ ಔಷಧದಿಂದಲೇ ಆರಂಭಿಸುವುದು ಕ್ಷೇಮಕರ. ರಕ್ತದಲ್ಲಿ ಹಾರ್ಮೋನಿನ ಮಟ್ಟವು ಸಹಜಮಿತಿಯ ನಡುಭಾಗದಲ್ಲಿ ನಿಲ್ಲುವಂತೆ ಪ್ರಮಾಣವನ್ನು ಹೊಂದಿಸಿದ ಮೇಲೆ ಬಹುಮಂದಿಯ ಬಾವು ಬೇರೆ ಯಾವ ಮದ್ದೂ ಇಲ್ಲದೆ ಇಳಿಯುತ್ತದೆ.

ಎರಡನೆಯ ಹೆಜ್ಜೆ ಉಪ್ಪಿನ ಮಿತಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು, ಎಂದರೆ ಅಡುಗೆಯಲ್ಲಿ, ಉಪ್ಪಿನಕಾಯಿಯಲ್ಲಿ, ಬೇಕರಿಯ ತಿಂಡಿಯಲ್ಲಿ ಅಡಗಿರುವುದೆಲ್ಲವೂ ಸೇರಿ ಒಂದು ಚಹಾ ಚಮಚೆಯಷ್ಟು, ವಯಸ್ಕರಿಗೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಸೊಪ್ಪು, ತರಕಾರಿ, ಬಾಳೆಹಣ್ಣು, ಎಳನೀರುಗಳಲ್ಲಿರುವ ಪೊಟ್ಯಾಸಿಯಮ್ಮು ಸೋಡಿಯಮ್ಮಿನ ವಿಸರ್ಜನೆಗೆ ನೆರವಾಗುತ್ತದೆ; ಮೂತ್ರಪಿಂಡದ ರೋಗವುಳ್ಳವರೂ, ಎನಾಲಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳನ್ನು ಸೇವಿಸುವವರೂ ಮಾತ್ರ ಎಳನೀರನ್ನಾಗಲಿ, ಪೊಟ್ಯಾಸಿಯಂ ಬೆರೆತ ಕಡಿಮೆ ಸೋಡಿಯಮ್ಮಿನ ಉಪ್ಪನ್ನಾಗಲಿ ವೈದ್ಯರನ್ನು ಕೇಳದೆ ಬಳಸಕೂಡದು. ದಿನನಿತ್ಯದ ನಡಿಗೆ, ವಿಶ್ರಾಂತಿಯಲ್ಲಿ ಕಾಲುಗಳನ್ನು ಎತ್ತರದಲ್ಲಿಡುವುದು, ಹೊಟ್ಟೆಯ ಕೊಬ್ಬನ್ನು ಇಳಿಸುವುದು, ಮದ್ಯವನ್ನು ಮಿತಗೊಳಿಸುವುದು, ಜೋರಾಗಿ ಗೊರಕೆ ಹೊಡೆದು ಉಸಿರು ನಿಲ್ಲುವ ನಿದ್ರಾರೋಗವಿದ್ದರೆ ಅದಕ್ಕೆ ಚಿಕಿತ್ಸೆ ಪಡೆಯುವುದು ಇವೆಲ್ಲವೂ ಇದೇ ಹೆಜ್ಜೆಗೆ ಸೇರಿದವು.

ಮೂರನೆಯದು ಮೂತ್ರವರ್ಧಕ ಮಾತ್ರೆಗಳು. ಫ್ಯೂರೊಸೆಮೈಡ್, ಹೈಡ್ರೊಕ್ಲೋರೊಥಯಜೈಡ್ ಇವು ಉಪ್ಪನ್ನೂ ನೀರನ್ನೂ ಹೊರಹಾಕುವುದರೊಡನೆ ಪೊಟ್ಯಾಸಿಯಮ್ಮನ್ನೂ ಕಳೆಯುತ್ತವೆ. ಪೊಟ್ಯಾಸಿಯಂ ತೀರ ತಗ್ಗಿದರೆ ಸ್ನಾಯುಗಳು ಸೋತು, ಹೃದಯದ ಲಯ ತಪ್ಪಿ, ಮರಣವೂ ಸಂಭವಿಸಬಹುದು. ಸ್ಪೈರೊನೊಲ್ಯಾಕ್ಟೋನ್ ಪೊಟ್ಯಾಸಿಯಮ್ಮನ್ನು ಉಳಿಸುತ್ತದೆಯಾದರೂ ಪುರುಷ ಹಾರ್ಮೋನಿನ ಗ್ರಾಹಕಗಳನ್ನೇ ತಡೆದು, ಯಾವ ಉದ್ದೇಶಕ್ಕಾಗಿ ಟೆಸ್ಟೋಸ್ಟೆರೋನನ್ನು ಕೊಡಲಾಯಿತೋ ಆ ಉದ್ದೇಶಕ್ಕೇ ವಿರೋಧವಾಗಿ ವರ್ತಿಸುತ್ತದೆ. ಆಮ್ಲೊಡಿಪಿನ್ನಿಂದ ಬಂದ ಕಣಕಾಲಿನ ಬಾವು ಮೂತ್ರವರ್ಧಕಕ್ಕೆ ಬಗ್ಗುವುದಿಲ್ಲ. ಅಲ್ಲಿ ಮಾತ್ರೆಯನ್ನು ಬದಲಾಯಿಸುವುದೇ ಉಪಾಯ. ಇಂಥ ವಿವೇಚನೆಯು ರೋಗಿಯ ಕೈಯದಲ್ಲ, ವೈದ್ಯರ ಕೈಯದು.

ಅನಸ್ಟ್ರೊಜೋಲ್, ಲೆಟ್ರೊಜೋಲ್ ಎಂಬ ಅರೋಮಟೇಸ್ ನಿರೋಧಕಗಳನ್ನು ಬಾವಿಳಿಸಲೆಂದು ನುಂಗುವ ಪದ್ಧತಿಯ ವಿಷಯದಲ್ಲಿಯೂ ಎಚ್ಚರಿಕೆ ಅವಶ್ಯಕ. ಇವು ಮುಖ್ಯವಾಗಿ ಸ್ತನದ ಕ್ಯಾನ್ಸರಿಗೆಂದು ರೂಪುಗೊಂಡ ಔಷಧಗಳು. ಪುರುಷನ ಎಲುಬಿನ ಗಟ್ಟಿತನಕ್ಕೂ, ಕಾಮಾಸಕ್ತಿಗೂ, ಕೊಬ್ಬಿನ ಹತೋಟಿಗೂ ಎಸ್ಟ್ರಡೈಯೋಲು ಅಗತ್ಯವೆಂಬುದು ಸಿದ್ಧವಾಗಿರುವಾಗ, ಅದನ್ನು ಪೂರ್ತಿಯಾಗಿ ಅಳಿಸಿ ಬಾವನ್ನು ಇಳಿಸಿಕೊಂಡವನು ಎಲುಬನ್ನು ತೆತ್ತಂತಾಗುತ್ತದೆ. ಟೆಸ್ಟೋಸ್ಟೆರೋನಿನ ಪ್ರಮಾಣ ತಗ್ಗಿದರೆ ಎಸ್ಟ್ರಡೈಯೋಲೂ ತಗ್ಗುವುದಾದ್ದರಿಂದ, ಒಂದು ಔಷಧದ ಅತಿಯನ್ನು ಮತ್ತೊಂದು ಔಷಧದಿಂದ ತಿದ್ದುವ ಅಗತ್ಯ ವಿಹಿತ ಚಿಕಿತ್ಸೆಯಲ್ಲಿ ವಿರಳ.

ಸುಂಟಿಕೊಪ್ಪದ ಸನ್ನಿವೇಶ

ಮಡಿಕೇರಿ ಮತ್ತು ಕುಶಾಲನಗರಗಳ ನಡುವೆ ಹೆದ್ದಾರಿಯ ಮೇಲಿರುವ ಸುಂಟಿಕೊಪ್ಪವು, ಹಿಂದೆ ಸೋಮವಾರಪೇಟೆ ತಾಲ್ಲೂಕಿಗೂ ಈಗ ಕುಶಾಲನಗರ ತಾಲ್ಲೂಕಿಗೂ ಸೇರಿದ, ಸುತ್ತಲೂ ಕಾಫಿ ಮತ್ತು ಕರಿಮೆಣಸಿನ ತೋಟಗಳಿಂದ ಆವೃತವಾದ ಊರು. ಕನ್ನಡ, ಕೊಡವ, ಅರೆಭಾಷೆ, ಮಲಯಾಳ, ತಮಿಳು, ತುಳುಗಳನ್ನಾಡುವ ಜನರು ಇಲ್ಲಿ ಒಡನೆ ಬಾಳುತ್ತಾರೆ. ಕೊಡಗು ಹಾಕಿಗೆ ಪ್ರಸಿದ್ಧವಾದರೆ ಸುಂಟಿಕೊಪ್ಪಕ್ಕೆ ಫುಟ್‌ಬಾಲಿನ ಒಲವೂ ಉಂಟು. ಕ್ರೀಡೆಯನ್ನು ಗೌರವಿಸುವ ಇಂಥ ನಾಡಿನಲ್ಲಿ, ಮೈಕಟ್ಟಿನ ಆಸೆಯುಳ್ಳ ತರುಣರಿಗೆ ಹಾರ್ಮೋನಿನ ವಿಷಯದಲ್ಲಿ ಸರಿಯಾದ ತಿಳಿವಳಿಕೆಯನ್ನು ಕೊಡಬೇಕಾದುದು ಹಿರಿಯರ ಕರ್ತವ್ಯವಾಗಿದೆ.

ಇಲ್ಲಿನ ಆಹಾರದಲ್ಲಿ ಉಪ್ಪಿನ ಪಾಲು ಋತುವನ್ನನುಸರಿಸಿ ಬದಲಾಗುತ್ತದೆ. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಎಡೆಬಿಡದೆ ಸುರಿಯುವ ಮಳೆಯಲ್ಲಿ, ಮುಂಚಿತವಾಗಿ ಕೂಡಿಟ್ಟ ಒಣಮೀನು, ಉಪ್ಪಿನಕಾಯಿ, ಉಪ್ಪುನೀರಿನಲ್ಲಿಟ್ಟ ಕಣಿಲೆ, ಉಪ್ಪು ಸವರಿ ಒಣಗಿಸಿದ ಹಂದಿಮಾಂಸ ಇವು ಅನೇಕ ಮನೆಗಳಲ್ಲಿ ಆಧಾರವಾಗಿರುತ್ತವೆ. ಚಳಿಯಲ್ಲಿ ಬೆವರು ಕಡಿಮೆಯಾದ್ದರಿಂದ ಬೆವರಿನ ಮೂಲಕ ಹೋಗುವ ಉಪ್ಪೂ ಕಡಿಮೆ. ಕಾಫಿ ಕೊಯ್ಲಿನ ಕಾಲದಲ್ಲಿ ಬಿಸಿಲಿನಲ್ಲಿ ದುಡಿದು ಬೆವರುವವನ ಲೆಕ್ಕವು ಬೇರೆ, ಮಳೆಗಾಲದಲ್ಲಿ ಒಲೆಯ ಬಳಿ ಕುಳಿತವನ ಲೆಕ್ಕವು ಬೇರೆ. ಆದಕಾರಣ ಟೆಸ್ಟೋಸ್ಟೆರೋನ್ ಚಿಕಿತ್ಸೆಯಲ್ಲಿರುವವರು ಮಳೆಗಾಲದಲ್ಲಿ ತೂಕವನ್ನೂ ರಕ್ತದೊತ್ತಡವನ್ನೂ ಹೆಚ್ಚು ಲಕ್ಷ್ಯದಿಂದ ನೋಡಿಕೊಳ್ಳಬೇಕು. ಒಣಮೀನನ್ನೂ ಕಣಿಲೆಯನ್ನೂ ಹಲವು ನೀರಿನಲ್ಲಿ ನೆನೆಸಿ ಚೆಲ್ಲಿ ಅಡುಗೆಗೆ ತೆಗೆದುಕೊಂಡರೆ ಉಪ್ಪು ಬಹಳಷ್ಟು ಇಳಿಯುತ್ತದೆ. ಕೊಡಗಿನ ಅಡುಗೆಗೆ ಕಾಚಂಪುಳಿಯ ಹುಳಿ, ಕರಿಮೆಣಸಿನ ಖಾರ, ಹುರಿದ ಜೀರಿಗೆ ಕೊತ್ತಂಬರಿಗಳ ಪರಿಮಳ ಇವು ಹೇರಳವಾಗಿ ಒದಗಿರುವುದು ಒಂದು ಭಾಗ್ಯವೇ ಸರಿ. ಇವುಗಳ ನೆರವಿನಿಂದ ಪಂದಿಕರಿಯನ್ನಾಗಲಿ, ಅಣಬೆಯ ಕುಮ್ಮು ಕರಿಯನ್ನಾಗಲಿ ಉಪ್ಪನ್ನು ತಗ್ಗಿಸಿ ಮಾಡಿದರೂ ರುಚಿಗೆ ಊನ ಬಾರದು.

ಮಳೆಗಾಲದ ಕೆಮ್ಮಿಗೆ ಕಷಾಯ ಮಾಡುವ ಮನೆಗಳಲ್ಲಿ ಜೇಷ್ಠಮಧುವಿನ ಬಳಕೆಯುಂಟು. ಈ ಬೇರಿನಲ್ಲಿರುವ ಗ್ಲಿಸಿರೈಜಿನ್ ಎಂಬ ವಸ್ತುವು ಮೂತ್ರಪಿಂಡದಲ್ಲಿ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುವುದರಿಂದ, ಆಲ್ಡೊಸ್ಟೆರೋನ್ ಹೆಚ್ಚಾದಾಗ ಆಗುವಂತೆಯೇ ಉಪ್ಪು ಉಳಿದು, ಪೊಟ್ಯಾಸಿಯಂ ಇಳಿದು, ರಕ್ತದೊತ್ತಡ ಏರುತ್ತದೆ. ಟೆಸ್ಟೋಸ್ಟೆರೋನಿನೊಡನೆ ಇದನ್ನು ವಾರಗಟ್ಟಲೆ ಸೇವಿಸುವುದು ಅಹಿತ. ಕಕ್ಕಡ ಮಾಸದ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನವರು ಮದ್ದುಸೊಪ್ಪಿನ ರಸದಿಂದ ಪಾಯಸ, ಪುಟ್ಟುಗಳನ್ನು ಮಾಡಿ ಉಣ್ಣುವ ಪದ್ಧತಿಯಿದ್ದು, ಆ ಸೊಪ್ಪಿನ ಬಣ್ಣದಿಂದ ಮೂತ್ರವು ಕೆಂಪೇರುತ್ತದೆ. ಅದು ರಕ್ತವಲ್ಲ, ಭಯಪಡಬೇಕಾದುದಿಲ್ಲ; ಆದರೆ ಹಬ್ಬದ ಒಂದೆರಡು ದಿನ ಕಳೆದ ಮೇಲೂ ಮೂತ್ರ ಕೆಂಪಾಗಿದ್ದರೆ ಪರೀಕ್ಷಿಸಿಕೊಳ್ಳಬೇಕು. ನೆಗ್ಗಿಲು ಮುಳ್ಳನ್ನು ಆಯುರ್ವೇದದಲ್ಲಿ ಮೂತ್ರಲವೆಂದು ಬಳಸುವುದುಂಟು. ಇತ್ತೀಚೆಗೆ ಅದನ್ನೇ ಟೆಸ್ಟೋಸ್ಟೆರೋನ್ ವರ್ಧಕವೆಂದು ಡಬ್ಬಿಗಳಲ್ಲಿ ಮಾರುತ್ತಾರೆ. ಆರೋಗ್ಯವಂತ ಪುರುಷರಲ್ಲಿ ಅದು ಹಾರ್ಮೋನನ್ನು ಏರಿಸುವುದೆಂಬುದು ಪ್ರಯೋಗಗಳಿಂದ ಸಿದ್ಧವಾಗಿಲ್ಲ.

ವೈದ್ಯಸೌಕರ್ಯದ ದೃಷ್ಟಿಯಿಂದ, ತೂಕ, ರಕ್ತದೊತ್ತಡಗಳನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ನೋಡಿಸಿಕೊಳ್ಳಬಹುದು. ರಕ್ತಪರೀಕ್ಷೆ, ಹೃದಯಪರೀಕ್ಷೆಗಳಿಗೆ 2016ರಲ್ಲಿ ಮಡಿಕೇರಿಯಲ್ಲಿ ಆರಂಭವಾದ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಸಮೀಪದಲ್ಲಿದೆ. ನಿರ್ನಾಳ ಗ್ರಂಥಿಗಳ ತಜ್ಞರಿಗಾಗಿ ಮೈಸೂರಿಗೋ ಮಂಗಳೂರಿಗೋ ಹೋಗುವುದು ರೂಢಿ. ಮಳೆಯಲ್ಲಿ ಗುಡ್ಡ ಕುಸಿದು ಘಟ್ಟದ ರಸ್ತೆ ಮುಚ್ಚುವ ಸಂಭವವಿರುವುದರಿಂದ, ತಜ್ಞರ ಭೇಟಿಯನ್ನೂ ಔಷಧದ ದಾಸ್ತಾನನ್ನೂ ಮಳೆಗೆ ಮುನ್ನವೇ ಗೊತ್ತುಮಾಡಿಕೊಳ್ಳುವುದು ಜಾಣತನ. ಬೆಳಗ್ಗೆ ಮೂತ್ರವಿಸರ್ಜನೆಯಾದ ಮೇಲೆ, ಏನನ್ನೂ ತಿನ್ನುವ ಮೊದಲು, ಒಂದೇ ತಕ್ಕಡಿಯಲ್ಲಿ ತೂಕವನ್ನು ನೋಡಿ ಪುಸ್ತಕದಲ್ಲಿ ಬರೆದಿಟ್ಟರೆ, ತಜ್ಞರೊಡನೆ ದೂರವಾಣಿಯಲ್ಲಿ ಮಾತನಾಡುವಾಗಲೂ ಆ ಬರಹವು ಉಪಯುಕ್ತವಾಗುತ್ತದೆ.

ಕಾನೂನು ಮತ್ತು ಕ್ರೀಡೆ

1940ರ ಔಷಧ ಮತ್ತು ಸೌಂದರ್ಯವರ್ಧಕ ಅಧಿನಿಯಮದಡಿ 1945ರಲ್ಲಿ ರಚಿತವಾದ ನಿಯಮಗಳಂತೆ ಟೆಸ್ಟೋಸ್ಟೆರೋನು ಎಚ್ ಅನುಸೂಚಿಗೆ ಸೇರಿದ ಔಷಧ. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವುದು ಅಪರಾಧ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ಪಟ್ಟಿಯಲ್ಲಿ ಟೆಸ್ಟೋಸ್ಟೆರೋನೂ, ಅರೋಮಟೇಸ್ ನಿರೋಧಕಗಳೂ, ಬೇರೆ ಮದ್ದನ್ನು ಮರೆಮಾಚಲು ಒದಗುವವೆಂಬ ಕಾರಣದಿಂದ ಮೂತ್ರವರ್ಧಕಗಳೂ ನಿಷಿದ್ಧವಾಗಿವೆ. ಭಾರತದಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯು 2005ರಲ್ಲಿ ಸ್ಥಾಪಿತವಾಗಿ, 2022ರ ಅಧಿನಿಯಮದಿಂದ ಅದಕ್ಕೆ ಶಾಸನಬಲವೂ ದೊರೆತಿದೆ. ಆದ್ದರಿಂದ ಹಾರ್ಮೋನು ಚುಚ್ಚಿಸಿಕೊಂಡು, ಅದರ ಬಾವನ್ನು ನೀರಿಳಿಸುವ ಮಾತ್ರೆಯಿಂದ ಮುಚ್ಚುವ ಆಟಗಾರನು ಒಂದಲ್ಲ, ಎರಡು ನಿಷೇಧಗಳನ್ನು ಉಲ್ಲಂಘಿಸುತ್ತಾನೆ. ನಿಜವಾದ ಕೊರತೆಯಿಂದ ಚಿಕಿತ್ಸೆ ಪಡೆಯಬೇಕಾದ ಕ್ರೀಡಾಪಟುವು ದಾಖಲೆಗಳೊಡನೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಸಲ್ಲಿಸುವ ಮಾರ್ಗವುಂಟು.

ಸಮಾರೋಪ

ಟೆಸ್ಟೋಸ್ಟೆರೋನ್ ಚಿಕಿತ್ಸೆಯಲ್ಲಿ ಬರುವ ಬಾವು ತನ್ನಷ್ಟಕ್ಕೆ ಒಂದು ರೋಗವಲ್ಲ. ಪ್ರಮಾಣವು ಮೀರಿದೆಯೆಂದೋ, ಉಪ್ಪು ಅಧಿಕವಾಗಿದೆಯೆಂದೋ, ಹೃದಯ ಮೂತ್ರಪಿಂಡಗಳಲ್ಲಿ ಅರಿಯದ ದೋಷವಿದೆಯೆಂದೋ ಶರೀರವು ಕೊಡುವ ಸೂಚನೆ. ಆ ಸೂಚನೆಯನ್ನು ಮಾತ್ರೆಯಿಂದ ಅಡಗಿಸಿದವನು ಕಾರಣವನ್ನು ಉಳಿಸಿಕೊಂಡೇ ಇರುತ್ತಾನೆ. ಕೊರತೆಯಿಂದ ಬಳಲಿ, ವೈದ್ಯರ ವಿಧಿಯಂತೆ ಔಷಧವನ್ನು ಪಡೆಯುತ್ತಿರುವವರು ಸಂಕೋಚಪಡದೆ ತಮ್ಮ ತೂಕ, ಬಾವು, ಉಸಿರಿನ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ತಾವಾಗಿ ಔಷಧವನ್ನು ನಿಲ್ಲಿಸಲೂಬಾರದು, ಹೆಚ್ಚಿಸಲೂಬಾರದು. ಕೊರತೆಯಿಲ್ಲದೆ ಗುಟ್ಟಾಗಿ ಚುಚ್ಚಿಸಿಕೊಳ್ಳುತ್ತಿರುವ ತರುಣರು, ದಂಡನೆಯ ಭಯದಿಂದಲೋ ನಾಚಿಕೆಯಿಂದಲೋ ದೂರ ಉಳಿಯದೆ, ಬಾವು ಕಾಣಿಸಿದೊಡನೆ ಹತ್ತಿರದ ಆಸ್ಪತ್ರೆಗೆ ಹೋಗಿ ತಾವು ಏನನ್ನು, ಎಷ್ಟು ತೆಗೆದುಕೊಂಡೆವೆಂಬುದನ್ನು ಮುಚ್ಚಿಡದೆ ಹೇಳಬೇಕು. ಆ ಒಂದು ಮಾತಿನ ಮೇಲೆ ಅವರ ಚಿಕಿತ್ಸೆಯ ಸರಿತಪ್ಪು ನಿಂತಿರುತ್ತದೆ.